ಬಟ್ಟೆ ಎಲ್ಲಿದೆ? ಡಚ್ ಗಿಲ್ಡ್ ಮುಖಂಡರ ಗುಂಪುಚಿತ್ರಗಳ ಸುತ್ತ ಒಂದು ಮಾತು

(ಕಲಾಸಕ್ತರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ತೆರೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾದ್ದರಿಂದ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತೆರೆಯ ಮೇಲಿರುವ ಈ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಮೇಜಿನ ಹಿಂದೆ ಐದು ಜನ. ಎಲ್ಲರದೂ ಕಪ್ಪು ಉಡುಪು, ಬಿಳಿ ಕಾಲರು, ಅಗಲ ಅಂಚಿನ ಕಪ್ಪು ಟೊಪ್ಪಿ. ಅವರ ಬೆನ್ನಿಗೆ ಆ ಟೊಪ್ಪಿ ಇಲ್ಲದ ಆರನೆಯವನೊಬ್ಬ. ಮೇಜಿಗೆ ಕೆಂಪು ರತ್ನಗಂಬಳಿ ಹಾಸಿದೆ, ಅದರ ಮೇಲೆ ತೆರೆದಿಟ್ಟ ಒಂದು ದಪ್ಪ ಪುಸ್ತಕ. ಡಚ್ ಚಿತ್ರಕಾರ ರೆಂಬ್ರಾಂಟ್ 1662ರಲ್ಲಿ ಬರೆದದ್ದು. ಡಚ್ಚರು ಇದನ್ನು 'ಸ್ತಾಲ್‌ಮೇಸ್ಟರ್ಸ್' ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ನೂರು ವರ್ಷದಿಂದ ಇದು ಒಂದು ಸಿಗಾರ್ ಡಬ್ಬಿಯ ಮೇಲೆ ಕೂತಿದೆ. ಆ ಐದು ಜನ ಬಂದು ನೋಡಿದ್ದರೆ ಏನನ್ನುತ್ತಿದ್ದರೋ ಗೊತ್ತಿಲ್ಲ, ಡಬ್ಬಿಯೊಳಗಿನ ಮಾಲಿನ ಗುಣಮಟ್ಟವನ್ನಂತೂ ಕೇಳಿಯೇ ಕೇಳುತ್ತಿದ್ದರು. ಯಾಕೆಂದರೆ ಅವರ ಕೆಲಸವೇ ಅದು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಣ್ಣ ಹಾಕಿದ ಉಣ್ಣೆ ಬಟ್ಟೆಯ ಗುಣ ಪರೀಕ್ಷೆ ಮಾಡುತ್ತಿದ್ದವರು ಇವರು.

ಈಗ ಚಿತ್ರವನ್ನು ಇನ್ನೊಂದು ಸಲ ನೋಡಿ. ಬಟ್ಟೆಯ ಪರೀಕ್ಷಕರ ಚಿತ್ರ ಸರಿ, ಪರೀಕ್ಷೆಗೆ ಬಂದ ಬಟ್ಟೆ ಎಲ್ಲಿದೆ? ಥಾನಿಲ್ಲ, ಅಳತೆಕೋಲಿಲ್ಲ, ಕತ್ತರಿಯಿಲ್ಲ. ಇವತ್ತು ನನಗೆ ಹೇಳಬೇಕಾಗಿರುವುದು ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಗಿಲ್ಡ್ ಅಂದರೆ ಏನು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಒಂದು ಊರಿನಲ್ಲಿ ಒಂದು ಕಸುಬು ಮಾಡುವವರೆಲ್ಲ ಸೇರಿದ ಸಂಘ ಅದು. ಸದಸ್ಯನಲ್ಲದವನು ಆ ಊರಿನಲ್ಲಿ ಆ ಕಸುಬು ನಡೆಸುವಂತಿಲ್ಲ. ಶಿಷ್ಯನಾಗಿ ಸೇರಿ, ವರ್ಷಗಟ್ಟಲೆ ಕಲಿತು, ಮಾಸ್ಟರ್ ಅನ್ನಿಸಿಕೊಳ್ಳಬೇಕು. ಕಾಯಿಲೆ ಬಿದ್ದವರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಗಿಲ್ಡಿನ ಹಣದಿಂದ ನೆರವು. ಇದನ್ನೆಲ್ಲ ನೋಡಿಕೊಳ್ಳಲು ಕೆಲವು ಮುಖಂಡರು. ಅವಧಿ ಮುಗಿಯುವಾಗ ಕೆಲವು ಮುಖಂಡರು ಸೇರಿ ಚಿತ್ರಕಾರನೊಬ್ಬನನ್ನು ಕರೆಸಿ ತಮ್ಮ ಗುಂಪುಚಿತ್ರ ಬರೆಸಿ ಗಿಲ್ಡಿನ ಸಭಾಕೋಣೆಯಲ್ಲಿ ತೂಗುಹಾಕುತ್ತಿದ್ದರು. ನಮ್ಮ ಸಹಕಾರ ಸಂಘಗಳ ಕಚೇರಿ ಗೋಡೆಯ ಮೇಲೆ ಹಿಂದಿನ ಆಡಳಿತ ಮಂಡಳಿಗಳ ಫೋಟೊ ಸಾಲಾಗಿ ಇರುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಅಲ್ಲಿ ಫೋಟೊ ತೆಗೆಯುವವನು ಕೆಲವೊಮ್ಮೆ ರೆಂಬ್ರಾಂಟ್ ಆಗಿರುತ್ತಿದ್ದ.

ದುಡ್ಡಿನ ವಿಷಯ ಇಲ್ಲಿ ಮುಖ್ಯ. ಇಂಥ ಚಿತ್ರಕ್ಕೆ ರಾಜ ಹಣ ಕೊಡುತ್ತಿರಲಿಲ್ಲ, ಚರ್ಚೂ ಕೊಡುತ್ತಿರಲಿಲ್ಲ. ಸಾಮಾನ್ಯವಾಗಿ ಚಿತ್ರದಲ್ಲಿರುವವರೇ ತಲೆಗಿಷ್ಟು ಅಂತ ಹಾಕಿಕೊಳ್ಳುತ್ತಿದ್ದರು. ಇದರ ಒಳ್ಳೆಯ ದಾಖಲೆ ಸಿಗುವುದು ನಗರ ಕಾವಲು ಪಡೆಗಳ ಚಿತ್ರಗಳಲ್ಲಿ. ಗಿಲ್ಡುಗಳ ಚಿತ್ರಗಳೂ ಅದೇ ಸಂಪ್ರದಾಯದ ಒಡಹುಟ್ಟುಗಳು. ರೆಂಬ್ರಾಂಟನ 1642ರ 'ನೈಟ್ ವಾಚ್' ಬಗ್ಗೆ ಅದರಲ್ಲಿದ್ದ ಒಬ್ಬರು ಮುಂದೆ ಸಾಕ್ಷಿ ಹೇಳಿದ್ದಾರೆ: ಒಬ್ಬೊಬ್ಬರಿಗೂ ಸುಮಾರು 100 ಗಿಲ್ಡರ್ (ಆಗಿನ ಡಚ್ ನಾಣ್ಯ) ಬಿತ್ತು, ಚಿತ್ರದಲ್ಲಿ ಸಿಕ್ಕ ಜಾಗಕ್ಕೆ ತಕ್ಕಂತೆ ಕೆಲವರಿಗೆ ಸ್ವಲ್ಪ ಹೆಚ್ಚು, ಕೆಲವರಿಗೆ ಸ್ವಲ್ಪ ಕಡಿಮೆ. ಫ್ರಾನ್ಸ್ ಹಾಲ್ಸ್ 1633ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಪಡೆಯ ಚಿತ್ರ ಒಪ್ಪಿಕೊಂಡ. ತಲೆಗೆ 66 ಗಿಲ್ಡರ್‌ವರೆಗೆ ಮಾತಾಯಿತು. ಆಮೇಲೆ ಜಗಳ ಶುರು. ಹಾಲ್ಸ್ ಇರುವುದು ಹಾರ್ಲೆಮಿನಲ್ಲಿ. 'ನೀವೇ ಇಲ್ಲಿಗೆ ಬನ್ನಿ' ಅಂತ ಇವನು, 'ನೀನೇ ಅಲ್ಲಿಂದ ಬಾ' ಅಂತ ಅವರು. ಕೊನೆಗೆ 1637ರಲ್ಲಿ ಪೀಟರ್ ಕೋಡೆ ಎಂಬ ಬೇರೆ ಚಿತ್ರಕಾರ ಅದನ್ನು ಮುಗಿಸಿದ. ಎರಡು ಊರಿನ ನಡುವಿನ ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು!

ಹಣ ಕೊಟ್ಟವನಿಗೆ ತನ್ನ ಮುಖ ಕಾಣಬೇಕು. ಎಲ್ಲರೂ ಕೊಟ್ಟಿದ್ದಾರೆ, ಎಲ್ಲರ ಮುಖವೂ ಕಾಣಬೇಕು, ಯಾರ ಮುಖವೂ ಇನ್ನೊಬ್ಬನ ಭುಜದ ಹಿಂದೆ ಹೋಗಬಾರದು. ಇದು ಚಿತ್ರಕಾರನಿಗೆ ಒಡ್ಡಿದ ಲೆಕ್ಕ. ಆರ್ಟ್ ಪೀಟರ್ಸ್ 1599ರಲ್ಲಿ ಇದೇ ಬಟ್ಟೆ ಗಿಲ್ಡಿನ ಆರು ಜನರನ್ನು ಬರೆದ. ರೆಂಬ್ರಾಂಟಿಗಿಂತ ಅರವತ್ತಕ್ಕೂ ಹೆಚ್ಚು ವರ್ಷ ಹಿಂದೆ. ಒಂದೊಂದು ತಲೆಯೂ ಜೋಪಾನವಾಗಿ ಬರೆದ ಪ್ರತ್ಯೇಕ ಭಾವಚಿತ್ರ, ಆದರೆ ಒಬ್ಬನಿಗೂ ಇನ್ನೊಬ್ಬನಿಗೂ ಮಾತುಕತೆ ಇಲ್ಲ. ನನಗೆ ಆ ಚಿತ್ರ ಇಷ್ಟವೇ. ಅದರಲ್ಲಿ ಸುಳ್ಳು ನಾಟಕವಿಲ್ಲ: ನಾವು ಹಣ ಕೊಟ್ಟೆವು, ಕೂತೆವು, ಇಗೋ ನಾವು.

ಈಗ ಬಟ್ಟೆಯ ಕಡೆ ಬರೋಣ. ಬಟ್ಟೆ ಇರುವ ಚಿತ್ರಗಳೂ ಇವೆ. ಅವು ಲೈಡನ್ನಿನಲ್ಲಿವೆ. ಲೈಡನ್ ಆ ಕಾಲಕ್ಕೆ ಯುರೋಪಿನ ದೊಡ್ಡ ಉಣ್ಣೆ ಬಟ್ಟೆಯ ಊರುಗಳಲ್ಲಿ ಒಂದು. ದಕ್ಷಿಣದ ಫ್ಲಾಂಡರ್ಸ್‌ನಿಂದ ಯುದ್ಧಕ್ಕೂ ಧರ್ಮದ ಕಿರುಕುಳಕ್ಕೂ ಹೆದರಿ ಬಂದ ನೇಕಾರರು ಅದನ್ನು ಬೆಳೆಸಿದರು. ಅಲ್ಲಿಯ 'ಸಾಯ್' ಎಂಬ ಹಗುರ ಉಣ್ಣೆ ಬಟ್ಟೆಯ ಭವನಕ್ಕಾಗಿ ಇಸಾಕ್ ವಾನ್ ಸ್ವಾನೆನ್‌ಬುರ್ಗ್ ಎಂಬಾತ 1594ರಿಂದ ಸುಮಾರು ಒಂದೂಮುಕ್ಕಾಲು ದಶಕದ ಅವಧಿಯಲ್ಲಿ ಒಂದು ಚಿತ್ರಮಾಲೆ ಬರೆದ. ಉಣ್ಣೆ ತೊಳೆಯುವುದು, ವಿಂಗಡಿಸುವುದು, ನೂಲುವುದು, ಹಾಸು ಹೂಡುವುದು, ನೇಯುವುದು, ತುಳಿದು ಹದ ಮಾಡುವುದು, ಬಣ್ಣ ಹಾಕುವುದು, ಎಲ್ಲವೂ ಇದೆ. ರಾಟೆಯ ಮುಂದೆ ಹೆಂಗಸರಿದ್ದಾರೆ, ಮೈ ಬಗ್ಗಿಸಿ ದುಡಿಯುವ ಗಂಡಸರಿದ್ದಾರೆ. ಆದರೆ ಅವರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯದು. ಅವರು ಭಾವಚಿತ್ರಗಳಲ್ಲ, ಕೆಲಸದ ಚಿತ್ರಗಳು. ಇನ್ನು ಅದೇ ಊರಿನ ಬಟ್ಟೆ ಭವನದ ಮುಖಂಡರನ್ನು ಯಾನ್ ಡೆ ಬಾನ್ 1675ರಲ್ಲಿ ಬರೆದ. ಅಲ್ಲಿ ಹೆಸರಿದೆ, ಮುಖವಿದೆ, ಒಳ್ಳೆಯ ಉಡುಪಿದೆ; ದುಡಿಮೆ ಇಲ್ಲ. ಕೈ ಕೊಳೆಯಾಗುವ ಕೆಲಸ ಇರುವ ಚಿತ್ರದಲ್ಲಿ ಹೆಸರಿಲ್ಲ, ಹೆಸರಿರುವ ಚಿತ್ರದಲ್ಲಿ ಕೆಲಸವಿಲ್ಲ.

(ಅಂದಹಾಗೆ, ಈ ಸ್ವಾನೆನ್‌ಬುರ್ಗನ ಮಗ ಯಾಕೋಬ್ ಲೈಡನ್ನಿನ ಹುಡುಗನೊಬ್ಬನಿಗೆ ಚಿತ್ರ ಕಲಿಸಿದ. ಆ ಹುಡುಗ ರೆಂಬ್ರಾಂಟ್.)

ಹೆಸರಿರುವ ಚಿತ್ರದಲ್ಲಿ ಕೆಲಸವಿಲ್ಲ ಅಂದೆನಲ್ಲ, ಅದಕ್ಕೆ ಅಪವಾದ ಶಸ್ತ್ರವೈದ್ಯರ ಗಿಲ್ಡು. ಆಮ್‌ಸ್ಟರ್‌ಡ್ಯಾಮಿನ ಹಳೆಯ ಕೋಟೆಬಾಗಿಲು ವಾಹ್ ಎಂಬ ಕಟ್ಟಡ, ಸರಕು ತೂಗುವ ಮನೆಯಾಗಿತ್ತು. ಅದರ ಮಹಡಿಯಲ್ಲಿ ಹಲವು ಗಿಲ್ಡುಗಳ ಕೋಣೆಗಳು: ಕಮ್ಮಾರರು, ಗಾರೆಯವರು, ಚಿತ್ರಕಾರರು, ಶಸ್ತ್ರವೈದ್ಯರು. ಒಂದೊಂದು ಗಿಲ್ಡಿಗೂ ಬೇರೆ ಬೇರೆ ಬಾಗಿಲು. ಒಬ್ಬರ ಮೆಟ್ಟಿಲನ್ನು ಇನ್ನೊಬ್ಬರು ತುಳಿಯುವ ಪ್ರಮೇಯವೇ ಇರಲಿಲ್ಲ. ಶಸ್ತ್ರವೈದ್ಯರ ಮುಖಂಡರು ತಮ್ಮ ಅಂಗರಚನೆಯ ಉಪನ್ಯಾಸಕರ ಜೊತೆ ಗುಂಪುಚಿತ್ರ ಬರೆಸುವುದು ವಾಡಿಕೆ. ಅಂಥ ಒಂದು ಕೆಲಸ 1632ರಲ್ಲಿ ರೆಂಬ್ರಾಂಟಿಗೆ ಬಂತು. ಅವನಿಗಿನ್ನೂ ಇಪ್ಪತ್ತೈದು ವರ್ಷ. ಡಾಕ್ಟರ್ ಟುಲ್ಪ್ ಪಾಠ ಹೇಳುತ್ತಿದ್ದಾರೆ, ಏಳು ಜನ ಸುತ್ತ ನೆರೆದಿದ್ದಾರೆ, ಮೇಜಿನ ಮೇಲೆ ಆರಿಸ್ ಕಿಂಟ್ ಎಂಬ ಹೆಸರಿನ, ಗಲ್ಲಿಗೇರಿಸಿದ ಕಳ್ಳನ ಹೆಣ.

ಇಲ್ಲಿ ಕಸುಬು ಕಣ್ಣ ಮುಂದೆಯೇ ಇದೆ ಅನ್ನಿಸುತ್ತದೆ. ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಆಗಿನ ಹೆಣ ಸೀಳುವ ಕ್ರಮದಲ್ಲಿ ಮೊದಲು ಹೊಟ್ಟೆ ತೆರೆಯುತ್ತಿದ್ದರು, ಬೇಗ ಕೊಳೆಯುವುದು ಅದೇ ಆದ್ದರಿಂದ. ಇಲ್ಲಿ ಹೊಟ್ಟೆ ಮುಟ್ಟಿಲ್ಲ. ತೆರೆದಿರುವುದು ಎಡ ಮುಂಗೈ ಮಾತ್ರ. ಟುಲ್ಪ್ ಬಲಗೈಯ ಚಿಮಟದಿಂದ ಬೆರಳು ಮಡಿಸುವ ಸ್ನಾಯುಗಳನ್ನು ಎತ್ತಿ ಹಿಡಿದಿದ್ದಾರೆ, ತಮ್ಮ ಎಡಗೈ ಬೆರಳುಗಳನ್ನು ಮಡಿಸಿ ಆ ಸ್ನಾಯು ಮಾಡುವ ಕೆಲಸ ತೋರಿಸುತ್ತಿದ್ದಾರೆ. ಕೈಕಸುಬಿನವರ ಸಂಘಕ್ಕೆ ಕೈಯ ಪಾಠ! ರಕ್ತ ಕಾಣುವುದಿಲ್ಲ, ಸುತ್ತಲಿನವರ ಕಾಲರಿನಲ್ಲಿ ಒಂದು ಮಡಿಕೆಯೂ ಕೆಟ್ಟಿಲ್ಲ. ಇನ್ನೊಂದು ಸಂಗತಿ: ಒಬ್ಬರ ಕೈಯಲ್ಲಿ ಒಂದು ಹಾಳೆ ಇದೆ, ಅದರಲ್ಲಿ ಚಿತ್ರದವರ ಹೆಸರುಗಳ ಪಟ್ಟಿ. ಚಿತ್ರವನ್ನು ಶುದ್ಧಿ ಮಾಡಿದಾಗ ತಿಳಿದದ್ದು, ಆ ಹಾಳೆಯಲ್ಲಿ ಮೊದಲಿದ್ದದ್ದು ಅಂಗರಚನೆಯ ರೇಖಾಚಿತ್ರ. ಹೆಸರುಗಳು ಆಮೇಲೆ ಯಾರೋ ಬರೆಸಿದ್ದು. ಯಾರು ಯಾರು ಅನ್ನುವುದು ಮರೆತುಹೋದೀತು ಅನ್ನುವ ಚಿಂತೆ ಪಾಠವನ್ನೇ ಅಳಿಸಿಹಾಕಿತು. 1828ರಲ್ಲಿ ಶಸ್ತ್ರವೈದ್ಯರ ವಿಧವೆಯರ ನಿಧಿಗಾಗಿ ಈ ಚಿತ್ರವನ್ನು ಮಾರಲು ಹೊರಟಾಗ ದೊರೆ ಮೊದಲನೆಯ ವಿಲ್ಲೆಮ್ 32,000 ಗಿಲ್ಡರ್‌ಗೆ ಅದನ್ನು ದೇಶಕ್ಕೆ ಉಳಿಸಿಕೊಂಡ. ಈಗ ಹೇಗ್ ನಗರದ ಮಾರಿಟ್ಸ್‌ಹೌಸ್‌ನಲ್ಲಿದೆ.

ಮತ್ತೆ ನಮ್ಮ ಬಟ್ಟೆ ಪರೀಕ್ಷಕರ ಹತ್ತಿರ ಹೋಗೋಣ. ಕಟ್ಟುನಿಟ್ಟಾಗಿ ಹೇಳುವುದಾದರೆ ಇವರು ಕೇವಲ ಗಿಲ್ಡಿನ ಹಿರಿಯರಲ್ಲ. ಇವರನ್ನು ನೇಮಿಸುತ್ತಿದ್ದವರು ನಗರದ ಮೇಯರುಗಳು. ಅವಧಿ ಒಂದು ವರ್ಷ, ಗುಡ್ ಫ್ರೈಡೆಯಿಂದ ಮುಂದಿನ ಗುಡ್ ಫ್ರೈಡೆವರೆಗೆ. ವಾರಕ್ಕೆ ಮೂರು ಸಲ ಸ್ತಾಲ್‌ಹೋಫ್ ಎಂಬ ಕಟ್ಟಡದಲ್ಲಿ ಸೇರುತ್ತಿದ್ದರು. ನೀಲಿ ಮತ್ತು ಕಪ್ಪು ಬಣ್ಣ ಹಾಕಿದ ಬಟ್ಟೆ ಅವರ ಮುಂದೆ ಬರುತ್ತಿತ್ತು. ಒಪ್ಪಿಗೆಯಾದ ಮಾದರಿ ತುಂಡಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ಬಣ್ಣ ಸಮವಾಗಿ ಹಿಡಿದಿದೆಯೇ, ಆಳಕ್ಕೆ ಇಳಿದಿದೆಯೇ, ಮೇಲೆ ಮಾತ್ರ ತೇಲಿದೆಯೇ ನೋಡಬೇಕು. ಸರಿಯಿದ್ದರೆ ದರ್ಜೆಗೆ ತಕ್ಕ ಸೀಸದ ಮುದ್ರೆಯನ್ನು ಇಕ್ಕಳದಲ್ಲಿ ಒತ್ತಬೇಕು. ಕಾಸಿನಗಲದ ಆ ಸೀಸದ ಬಿಲ್ಲೆ ಇದ್ದರೆ ದೂರದ ಊರಿನ ವ್ಯಾಪಾರಿಯೂ ಥಾನು ಬಿಚ್ಚಿ ನೋಡದೆ ಕೊಳ್ಳಬಹುದು. ಆಮ್‌ಸ್ಟರ್‌ಡ್ಯಾಮಿನ ಹೆಸರು ಆ ಬಿಲ್ಲೆಯ ಮೇಲೆ ನಿಂತಿತ್ತು. ಇವರನ್ನು ಬರೆಯುವುದೆಂದರೆ ಆ ನಂಬಿಕೆಯನ್ನು ಬರೆಯುವುದು. ಅದಕ್ಕೇ ಮೇಜು ಮತ್ತು ಪುಸ್ತಕ ಮುಂದೆ ಬಂದವು, ಥಾನು ಹಿಂದೆ ಸರಿಯಿತು. ನಾನು ಕಸುಬು ಮಾಡುತ್ತೇನೆ ಅನ್ನುವುದಕ್ಕಿಂತ ನನ್ನ ಮಾತು ನಡೆಯುತ್ತದೆ ಅನ್ನುವುದು ಇವರಿಗೆ ಮುಖ್ಯ.

ಇವರ ಹೆಸರು ನಮಗೆ ಗೊತ್ತು. ಎಡದಿಂದ ಯಾಕೋಬ್ ವಾನ್ ಲೋನ್, ಅರೆ ಎದ್ದು ನಿಂತಿರುವ ಫೋಲ್ಕರ್ಟ್ ಯಾನ್ಸ್, ಪುಸ್ತಕದ ಹತ್ತಿರ ಅಧ್ಯಕ್ಷ ವಿಲ್ಲೆಮ್ ವಾನ್ ದೂಯೆನ್‌ಬುರ್ಗ್, ಹಿಂದೆ ಟೊಪ್ಪಿಯಿಲ್ಲದೆ ನಿಂತ ಸೇವಕ ಫ್ರಾನ್ಸ್ ಹೆಂಡ್ರಿಕ್ಸ್ ಬೆಲ್, ಬಲಗಡೆ ಆರ್ನೌಟ್ ವಾನ್ ದೆರ್ ಮೈ ಮತ್ತು ಯೋಖೆಮ್ ದೆ ನೇವೆ. ಒಳಗೆ ಕೂತಾಗಲೂ ಟೊಪ್ಪಿ ಹಾಕಿಕೊಂಡಿರುವುದು ಅಧಿಕಾರದ ಗುರುತು. ಸೇವಕನ ತಲೆಗೆ ನೆತ್ತಿಗಂಟಿದ ಸಣ್ಣ ಕುಲಾವಿ ಮಾತ್ರ.

ಇವರ ಧರ್ಮ ನೋಡಿ. ಅಧ್ಯಕ್ಷರು ಸರ್ಕಾರಿ ಮನ್ನಣೆಯ ಕ್ಯಾಲ್ವಿನ್ ಪಂಥದವರು. ವಾನ್ ಲೋನ್ ಮತ್ತು ವಾನ್ ದೆರ್ ಮೈ ಕ್ಯಾಥೊಲಿಕ್ಕರು. ಆಗ ಆ ಊರಿನಲ್ಲಿ ಕ್ಯಾಥೊಲಿಕ್ಕರು ಬಹಿರಂಗವಾಗಿ ಪೂಜೆ ಮಾಡುವಂತಿರಲಿಲ್ಲ, ಮನೆಗಳ ಅಟ್ಟದಲ್ಲಿ ಗುಟ್ಟಾದ ಚರ್ಚು ನಡೆಸುತ್ತಿದ್ದರು. ಫೋಲ್ಕರ್ಟ್ ಯಾನ್ಸ್ ಮೆನ್ನೊನೈಟ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದವರು. ದೆ ನೇವೆ ರೆಮಾನ್‌ಸ್ಟ್ರಾಂಟ್ ಪಂಥದವರು; ಆ ಪಂಥವನ್ನು 1619ರಲ್ಲಿ ಧರ್ಮಸಭೆಯೊಂದು ಹೊರಹಾಕಿತ್ತು. ಭಾನುವಾರ ನಾಲ್ಕು ದಿಕ್ಕಿಗೆ ಹೋಗುವ ಐದು ಜನ ವಾರದಲ್ಲಿ ಮೂರು ದಿನ ಒಂದೇ ಮೇಜಿಗೆ ಬರುತ್ತಿದ್ದರು. ಇದನ್ನು ದೊಡ್ಡ ಸಹಿಷ್ಣುತೆಯ ಕಥೆ ಮಾಡಲು ನನಗೆ ಮನಸ್ಸಿಲ್ಲ. ಬಟ್ಟೆ ಗೊತ್ತಿದ್ದವರು ಬೇಕಾಗಿತ್ತು, ಕರೆದರು. ವ್ಯಾಪಾರದ ಊರಿನ ಜಾಣತನ ಅದು.

ಈಗ ಫೋಲ್ಕರ್ಟ್ ಯಾನ್ಸ್. ಯಾಕೆ ಏಳುತ್ತಿದ್ದಾರೆ? ಕಲಾ ಇತಿಹಾಸಕಾರರು ಇದರ ಮೇಲೆ ನೂರು ವರ್ಷ ಜಗಳವಾಡಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಕಥೆ ಹುಟ್ಟಿತು: ಇವರು ವೇದಿಕೆಯ ಮೇಲಿದ್ದಾರೆ, ಕೆಳಗೆ ಗಿಲ್ಡಿನ ಸದಸ್ಯರ ಸಭೆ ಇದೆ, ಯಾರೋ ಎದ್ದು ಆಕ್ಷೇಪ ಎತ್ತಿದ್ದಾನೆ, ಇವರು ಉತ್ತರ ಕೊಡುತ್ತಿದ್ದಾರೆ. ವಿಯೆನ್ನಾದ ಆಲೋಯಿಸ್ ರೀಗಲ್ 1902ರಲ್ಲಿ ಡಚ್ ಗುಂಪುಚಿತ್ರಗಳ ಬಗ್ಗೆ ಬರೆಯುತ್ತಾ ಈ ಕಥೆಗೆ ತಾತ್ವಿಕ ಬೆನ್ನೆಲುಬು ಕೊಟ್ಟರು. ಚಿತ್ರದೊಳಗಿನವರನ್ನು ಒಗ್ಗೂಡಿಸುವುದು ಹೊರಗೆ ನಿಂತ ನಾವು, ನಮ್ಮ ಕಡೆಗಿನ ಅವರ ಗಮನ, ಅನ್ನುವುದು ಅವರ ವಾದ. ಲೈಡನ್ನಿನ ಪ್ರೊಫೆಸರ್ ಹೆನ್ರಿ ವಾನ್ ದೆ ವಾಲ್ 1956ರಲ್ಲಿ ಈ ಕಥೆಯ ಬುಡಕ್ಕೇ ಕೊಡಲಿ ಹಾಕಿದರು. ಈ ಅಧಿಕಾರಿಗಳು ಸಭೆ ನಡೆಸುತ್ತಲೇ ಇರಲಿಲ್ಲ, ಅವರ ಕೆಲಸ ಮುಚ್ಚಿದ ಕೋಣೆಯಲ್ಲಿ. ವೇದಿಕೆಯೂ ಇಲ್ಲ, ಆಕ್ಷೇಪಿಸುವವನೂ ಇಲ್ಲ. ಕೈ ಚಾಚಿದ ಅಧ್ಯಕ್ಷರ ಭಂಗಿ ಭಾವಚಿತ್ರಗಳಲ್ಲಿ ಎಷ್ಟೋ ಕಾಲದಿಂದ ಇದ್ದದ್ದು.

ದಾಖಲೆಯ ಮಟ್ಟಿಗೆ ವಾನ್ ದೆ ವಾಲ್ ಹೇಳಿದ್ದು ಸರಿ ಅಂತ ನನಗನ್ನಿಸುತ್ತದೆ. ಎಕ್ಸ್-ರೇ ನೋಡಿದರೆ ಇನ್ನೊಂದು ಕಾರಣವೂ ಸಿಗುತ್ತದೆ. ರೆಂಬ್ರಾಂಟ್ ಈ ಚಿತ್ರದ ಜೊತೆ ಬಹಳ ಗುದ್ದಾಡಿದ್ದಾನೆ. ಸೇವಕ ಬೆಲ್‌ನ ಜಾಗವನ್ನು ಒಂದಕ್ಕಿಂತ ಹೆಚ್ಚು ಸಲ ಬದಲಿಸಿದ್ದಾನೆ. ಫೋಲ್ಕರ್ಟ್ ಯಾನ್ಸ್ ತಯಾರಿಯ ರೇಖಾಚಿತ್ರದಲ್ಲಿ ನೇರವಾಗಿ ನಿಂತಿದ್ದಾರೆ, ಕ್ಯಾನ್ವಾಸಿನ ಮೇಲೆ ಬಗ್ಗಿದ್ದಾರೆ. ಐದು ಟೊಪ್ಪಿ ಒಂದೇ ಗೆರೆಯಲ್ಲಿ ಬಂದರೆ ಚಿತ್ರ ಸತ್ತುಹೋಗುತ್ತದೆ, ಪೂರ್ತಿ ನಿಲ್ಲಿಸಿದರೆ ಒಬ್ಬರೇ ಮೇಲಾಗುತ್ತಾರೆ. ಅರ್ಧ ಎಬ್ಬಿಸಿದ. ಸಮಾನತೆಯೂ ಉಳಿಯಿತು, ಗೆರೆಯೂ ಮುರಿಯಿತು. ಆದರೂ ಆ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿಬಿಟ್ಟೆವೇನೋ ಅನ್ನುವ ಭಾವ ನೋಡುವವರಿಗೆ ಬಂದೇ ಬರುತ್ತದೆ. ವಾನ್ ದೆ ವಾಲ್ ಎಷ್ಟೇ ದಾಖಲೆ ಕೊಟ್ಟರೂ ಅದನ್ನು ತಡೆಯಲಾಗಲಿಲ್ಲ. ರೀಗಲ್ ಸೋತದ್ದು ಇತಿಹಾಸದಲ್ಲಿ, ಕಣ್ಣಿನ ವಿಷಯದಲ್ಲಲ್ಲ.

ಬರೆದವನ ಸ್ಥಿತಿಯನ್ನೂ ನೆನಪಿಡಬೇಕು. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ. ಮನೆ, ಸಂಗ್ರಹ ಎಲ್ಲ ಹರಾಜಾಯಿತು. ಗಿಲ್ಡಿನ ನಿಯಮದ ಪ್ರಕಾರ ದಿವಾಳಿಯಾದ ಚಿತ್ರಕಾರ ತನ್ನ ಹೆಸರಿನಲ್ಲಿ ವ್ಯಾಪಾರ ಮಾಡುವಂತಿರಲಿಲ್ಲ. ಹಾಗಾಗಿ 1660ರಲ್ಲಿ ಅವನ ಸಂಗಾತಿ ಹೆಂಡ್ರಿಕ್ಯೆ ಮತ್ತು ಮಗ ಟೈಟಸ್ ಸೇರಿ ಒಂದು ಕಂಪನಿ ಮಾಡಿ ಅವನನ್ನು ಅದರ ನೌಕರನನ್ನಾಗಿ ಇಟ್ಟುಕೊಂಡರು. ನಗರಸಭೆಗೆ ಬರೆದುಕೊಟ್ಟ ಬೃಹತ್ ಚಿತ್ರ, ರೋಮನ್ನರ ವಿರುದ್ಧ ಬಟಾವಿಯನ್ನರೆಂಬ ಪ್ರಾಚೀನ ಬುಡಕಟ್ಟಿನ ಬಂಡಾಯದ್ದು, 1662ರಲ್ಲಿ ಗೋಡೆಯಿಂದ ಇಳಿದು ವಾಪಸು ಬಂತು. ತನ್ನದೇ ಗಿಲ್ಡಿನಲ್ಲಿ ಲೆಕ್ಕಕ್ಕಿಲ್ಲದಂತಾದ ಈ ಮನುಷ್ಯನಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ಗಿಲ್ಡಿನ ದೊಡ್ಡವರನ್ನು ಬರೆಯುವ ಕೆಲಸ ಸಿಕ್ಕಿತು.

ಸರಿ, ಬಟ್ಟೆ ಎಲ್ಲಿದೆ? ಅವರ ಮೈಮೇಲಿದೆ. ಇಷ್ಟು ಹೊತ್ತು ನೀವು ನೋಡುತ್ತಿರುವ ಆ ಕಪ್ಪೇ ಸರಕು. ಉಣ್ಣೆಗೆ ಗಟ್ಟಿ ಕಪ್ಪು ಹಿಡಿಸುವುದು ಸುಲಭದ ಕೆಲಸವಲ್ಲ. ಮಾಚಿಕಾಯಿ ಮತ್ತು ಕಬ್ಬಿಣದ ಉಪ್ಪು ಸೇರಿಸಿದರೆ ಅಗ್ಗದ ಕಪ್ಪು ಬರುತ್ತದೆ, ಆದರೆ ಕಾಲಕ್ರಮದಲ್ಲಿ ಅದು ಎಳೆಯನ್ನೇ ತಿನ್ನುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯ ಕಪ್ಪಿಗೆ ಮೊದಲು ಗಾಢ ನೀಲಿಯ ಅಡಿಬಣ್ಣ ಕೊಟ್ಟು ಅದರ ಮೇಲೆ ಕಪ್ಪು ಹಾಕಬೇಕು. ನೀಲಿ, ಕಪ್ಪು ಎರಡನ್ನೂ ಒಂದೇ ಮಂಡಳಿ ಪರೀಕ್ಷೆ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಮತ್ತು ಆ ನೀಲಿಗೆ ಹಿಂದೂಸ್ತಾನದ ಸಂಬಂಧವಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿ ಗುಜರಾತಿನ ಸರ್ಖೇಜ್, ಆಗ್ರಾ ಬಳಿಯ ಬಯಾನಾ, ಕೋರಮಂಡಲ ಕರಾವಳಿ, ಈ ಕಡೆಗಳಿಂದ ನೀಲಿಯನ್ನು ಕೊಂಡು ಹಡಗಿನಲ್ಲಿ ಸಾಗಿಸುತ್ತಿತ್ತು.

ನಮ್ಮ ಕಡೆಯ ಒಂದು ಸಣ್ಣ ನಂಟು ಹೇಳದೆ ಮುಂದೆ ಹೋಗಲಾರೆ. ಹಾರ್ಲೆಮಿನ ಚಿತ್ರಕಾರ ಕಾರ್ನೆಲಿಸ್ ಹೇಡಾ ಎಂಬಾತ 17ನೇ ಶತಮಾನದ ಮೊದಲ ದಶಕಗಳಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೆಲಸ ಮಾಡಿದ, ಅಲ್ಲೇ ತೀರಿಕೊಂಡ. ಅವನ ಊರಿನವರು ಗಿಲ್ಡಿನ ತಲೆಲೆಕ್ಕದಲ್ಲಿ ಚಿತ್ರ ಬರೆಯುತ್ತಿದ್ದಾಗ ಇವನು ಒಬ್ಬನೇ ಒಬ್ಬ ಗಿರಾಕಿಗೆ, ಅಂದರೆ ಸುಲ್ತಾನನಿಗೆ ಬರೆಯುತ್ತಿದ್ದ. ಅದೇ ಹಾರ್ಲೆಮಿನ ಚಿತ್ರಕಾರರ ಗಿಲ್ಡಿನ ಮುಖಂಡರನ್ನು ಯಾನ್ ಡೆ ಬ್ರೈ 1675ರಲ್ಲಿ ಬರೆದಿದ್ದಾನೆ. ಆ ಚಿತ್ರದ ಎಡಭಾಗದಲ್ಲಿ ಒಬ್ಬ ನಿಂತುಕೊಂಡು ಏನೋ ಗೀಚುತ್ತಿದ್ದಾನೆ, ಅದು ಡೆ ಬ್ರೈ ತಾನೇ. ಮುಖಂಡರ ಚಿತ್ರದಲ್ಲಿ ಕಸುಬು ನಡೆಯುತ್ತಿರುವುದು ಅಪರೂಪಕ್ಕೆ ಇಲ್ಲಿ ಕಾಣುತ್ತದೆ. ಬರೆಯುವವನೇ ಮುಖಂಡನಾದರೆ ಹೀಗೂ ಆಗುತ್ತದೆ.

ಸಭಿಕರೊಬ್ಬರು ಕೇಳಿದರು: ಇವುಗಳಲ್ಲಿ ಹೆಂಗಸರೇ ಇಲ್ಲವೇ? ಗಿಲ್ಡಿನ ಮುಖಂಡರ ಚಿತ್ರಗಳಲ್ಲಿ ಇಲ್ಲ ಅಂತಲೇ ಹೇಳಬೇಕು. ಅನಾಥಾಲಯ, ವೃದ್ಧಾಶ್ರಮಗಳನ್ನು ನಡೆಸುತ್ತಿದ್ದ ಮಂಡಳಿಗಳ ಚಿತ್ರಗಳಲ್ಲಿ ಇದ್ದಾರೆ. ಹಾರ್ಲೆಮಿನ ವೃದ್ಧಾಶ್ರಮದ ಮೇಲ್ವಿಚಾರಕಿಯರನ್ನು ಫ್ರಾನ್ಸ್ ಹಾಲ್ಸ್ ತನ್ನ ಎಂಬತ್ತರ ವಯಸ್ಸಿನ ಸುಮಾರಿಗೆ ಬರೆದ. ಈ ಶೈಲಿಯಲ್ಲಿ ಅದಕ್ಕಿಂತ ಗಡಸಾದ ಚಿತ್ರ ನನಗೆ ಗೊತ್ತಿಲ್ಲ.

ಇನ್ನೊಬ್ಬರು, ಮುಂದಿನ ವರ್ಷ ಆಮ್‌ಸ್ಟರ್‌ಡ್ಯಾಮಿಗೆ ಹೋಗುವವರಿದ್ದಾರೆ, ಏನು ನೋಡಬೇಕು ಅಂತ ಕೇಳಿದರು. ಗಿಲ್ಡುಗಳನ್ನು 1798ರ ಹೊಸ ಸಂವಿಧಾನ ರದ್ದು ಮಾಡಿತು, ಚಿತ್ರಗಳು ಉಳಿದವು. ಸ್ತಾಲ್‌ಮೇಸ್ಟರ್ಸ್ ಈಗಲೂ ಆಮ್‌ಸ್ಟರ್‌ಡ್ಯಾಂ ನಗರದ ಸ್ವತ್ತು, ಎರವಲಾಗಿ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಲೈಡನ್ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಅಲ್ಲಿಯ ಲಾಕೆನ್‌ಹಾಲ್ ಮ್ಯೂಸಿಯಂ 1640ರ ಬಟ್ಟೆ ಭವನದಲ್ಲೇ ಇದೆ, ಸ್ವಾನೆನ್‌ಬುರ್ಗನ ದುಡಿಯುವ ಜನ ಅಲ್ಲಿದ್ದಾರೆ. ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಜನ ಈ ಚಿತ್ರದ ಮುಂದೆ ನಿಂತು ಫೋನ್ ಎತ್ತಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ರೆಂಬ್ರಾಂಟ್ ಇದನ್ನು ಬರೆದದ್ದು ಗೋಡೆಯ ಎತ್ತರದಲ್ಲಿ ತೂಗುಹಾಕುವುದಕ್ಕೆ, ಅದಕ್ಕೇ ಮೇಜಿನ ಮೇಲ್ಭಾಗ ಕಾಣುವುದಿಲ್ಲ, ಪುಸ್ತಕದ ಅಂಚು ಮಾತ್ರ ಕಾಣುತ್ತದೆ. ಎದುರಿಗೆ ಬೆಂಚಿದ್ದರೆ ಕೂತುಕೊಳ್ಳಿ, ಇಲ್ಲದಿದ್ದರೆ ಮೊಣಕಾಲು ಮಡಿಸಿ ಸ್ವಲ್ಪ ತಗ್ಗಿ ನೋಡಿ. ಕಾವಲಿನವರು ಏನೂ ಅನ್ನುವುದಿಲ್ಲ.